ಸಂತನ ಮರಣ, ನಾಲ್ಕು ನಲವತ್ತೆರಡಕ್ಕೆ

ಸರಿಯಾದ ವೇಳೆಗೆ ಬರುವ ಮನುಷ್ಯನನ್ನು ಎಲ್ಲರೂ ಹೊಗಳುತ್ತಾರೆ, ಊಟಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ. ಅವನು ಬಂದಾಗ ಒಗ್ಗರಣೆ ಇನ್ನೂ ಬಿದ್ದಿರುವುದಿಲ್ಲ. ನಾನು ಆ ಜಾತಿಯವನು. ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿ ಸೈರನ್ ಊದಿಸಿದೆ. ನಿವೃತ್ತನಾದ ಮೇಲೆ ನೌಪಾಡಾದ ನಮ್ಮ ಎರಡು ಕೋಣೆಯ ಮನೆಯೇ ಕಾರ್ಖಾನೆಯಾಯಿತು. ಕೆಲಸಗಾರರು ಒಬ್ಬರೇ, ನನ್ನ ಹೆಂಡತಿ ಶಾಂತಾ. ಐದೂವರೆಗೆ ಚಹಾ, ಎಂಟಕ್ಕೆ ಉಪ್ಪಿಟ್ಟು, ಹನ್ನೆರಡೂವರೆಗೆ ರೊಟ್ಟಿ. ಮದುವೆಗೆ ಮುಂಚೆ ವಿಜಯಪುರದಲ್ಲಿ ಅವಳು ಹಾಡುತ್ತಿದ್ದಳೆಂಬುದು ನನಗೆ ಗೊತ್ತಿತ್ತು. ನನ್ನ ದಿನಚರಿಯಲ್ಲಿ ಹಾಡಿಗೆ ವೇಳೆ ಇಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ.

ಪಕ್ಕದ ಮನೆಯ ಲಿಲ್ಲಿಬಾಯಿ ಮಂಗಳೂರಿನ ಕ್ರೈಸ್ತ ಹೆಂಗಸು. ಅವರ ಅಣ್ಣನ ಮಗ, ನಲವತ್ತರ ಗಡ್ಡದ ರೊನಾಲ್ಡ್, ಕುಷ್ಠರೋಗಿಗಳ ಸೇವೆ ಮಾಡಿ ತೀರಿಕೊಂಡ ಒಬ್ಬ ಸಂತನ ಬಗ್ಗೆ ಒಪೆರಾ ರಚಿಸಿದ್ದ. ಒಪೆರಾ ಎಂದರೇನೆಂದು ಕೇಳಿದೆ. “ಎಲ್ಲ ಮಾತೂ ಹಾಡಿನಲ್ಲೇ ಹೇಳುವುದು ಮಾರಾಯ್ರೇ,” ಎಂದರು ಲಿಲ್ಲಿಬಾಯಿ. ಇಷ್ಟೇ ತಾನೇ ಅಂದುಕೊಂಡೆ. ಚಿಕ್ಕಂದಿನಲ್ಲಿ ನೋಡಿದ ಕಂಪನಿ ನಾಟಕಗಳಲ್ಲಿ ಬಾಣ ತಾಗಿದವನು ಎದ್ದು ಕುಳಿತು ಹಾಡುತ್ತಿದ್ದ, ಜನ ‘ವನ್ಸ್ ಮೋರ್’ ಎಂದರೆ ಮತ್ತೊಮ್ಮೆ ಸಾಯುತ್ತಿದ್ದ. ಆದರೆ ರೊನಾಲ್ಡನದು ಆಧುನಿಕ. ಅದರಲ್ಲಿ ಹಾರ್ಮೋನಿಯಂ ಇಲ್ಲ, ತಾಳವೂ ಇಲ್ಲ. ಪುಣೆಯಿಂದ ಬರುವ ಮೂರು ಪಿಟೀಲುಗಳು ಸೇರಿದರೆ ಕಳವಾ ಕಾರ್‌ಶೆಡ್ಡಿನಲ್ಲಿ ಲೋಕಲ್ ರೈಲಿನ ಬ್ರೇಕು ಪರೀಕ್ಷಿಸಿದಂತಿತ್ತು. ‘ನೀರು ಬೇಕು’ ಎನ್ನಲು ಸಂತನಿಗೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾನಾಗಿದ್ದರೆ ಅಂಗಡಿಗೆ ಹೋಗಿ ಬಾಟಲಿ ತರುತ್ತಿದ್ದೆ.

ಲಿಲ್ಲಿಬಾಯಿಯ ಒತ್ತಾಯದಿಂದ ಸಂತನ ತಾಯಿಯ ಪಾತ್ರ ಶಾಂತಾಗೆ ಸಿಕ್ಕಿತು. ಮಗ ಸತ್ತ ಮೇಲೆ ಒಂದೇ ಒಂದು ಹಾಡು. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿದ್ದರೂ ತಾಯಿ ಅಳುವುದು ಹಾಡುವವಳ ಸ್ವಂತ ಭಾಷೆಯಲ್ಲೇ ಆಗಬೇಕೆಂದು ರೊನಾಲ್ಡ್ ಹಟ ಹಿಡಿದ. ಹಾಗಾಗಿ ಶಾಂತಾ ತಾನೇ ಕನ್ನಡದಲ್ಲಿ ಹಾಡು ಕಟ್ಟಿದಳು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಲಿತಳು. “ಆಟದ ದಿನಾನಽ ಕೇಳ್ರಿ, ಈಗ ಬ್ಯಾಡ,” ಎಂದಳು. ಮೂರು ತಿಂಗಳಲ್ಲಿ ನನ್ನ ಉಪ್ಪಿಟ್ಟು ಹನ್ನೊಂದು ಸಲ ತಡವಾಯಿತು. ನಾನು ಸಹಿಸಿದೆ, ಸಹಿಸಿದ್ದನ್ನು ಎಣಿಸಿಯೂ ಇಟ್ಟೆ.

ಪರದೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅದೂ ಲಿಲ್ಲಿಬಾಯಿಯ ಶಿಫಾರಸು: “ನಿಮ್ಮಷ್ಟು ಟೈಮ್ ನೋಡುವವರು ಈ ಠಾಣೆಯಲ್ಲೇ ಇಲ್ಲ.” ಇರುವುದು ಒಂದೇ ಪ್ರದರ್ಶನ, ನವಿ ಮುಂಬಯಿಯ ಸೀವುಡ್ಸ್‌ನ ಒಂದು ಸಭಾಂಗಣದಲ್ಲಿ, ಭಾನುವಾರ ಮೂರಕ್ಕೆ. ಐದಕ್ಕೆ ಹಾಲ್ ಖಾಲಿ ಮಾಡಬೇಕು. ನಾನು ವೇಳಾಪಟ್ಟಿ ಬರೆದೆ: ವೈರಾಗ್ಯ ಮೂರೂ ಇಪ್ಪತ್ತು, ಸೇವೆ ಮೂರೂ ಐವತ್ತೈದು, ಮರಣ ನಾಲ್ಕು ನಲವತ್ತೆರಡು. ರೊನಾಲ್ಡ್ ನೋಡಿ ನಕ್ಕ. “ಅಂಕಲ್, ಮರಣದ ಮೇಲೆ ಸೈಲೆನ್ಸ್ ಇದೆ, ಆಮೇಲೆ ಆಂಟಿಯ ಹಾಡು. ಸೈಲೆನ್ಸ್‌ಗೆ ಟೈಮ್ ಇಲ್ಲ.” ಟೈಮ್ ಇಲ್ಲದ್ದನ್ನು ಬರೆಯಲು ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ತಾಲೀಮಿನಲ್ಲಿ ಮೌನಕ್ಕೆ ನಲವತ್ತು ಸೆಕೆಂಡು ಆಗುತ್ತಿತ್ತು, ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಹಾಡಿನ ಹೊತ್ತಿಗೆ ಶಾಂತಾ ನನ್ನನ್ನು ಹೊರಗೆ ಕಳಿಸುತ್ತಿದ್ದಳು.

ಅಂದು ಸಂತ ಕ್ಲುಪ್ತ ಸಮಯಕ್ಕೆ ಸತ್ತ. ಮೌನ ಶುರುವಾಯಿತು. ನಲವತ್ತು ಸೆಕೆಂಡು ದಾಟಿತು, ಒಂದು ನಿಮಿಷ ದಾಟಿತು, ಎರಡಾಯಿತು. ಕುರ್ಚಿಗಳು ಕಿರುಗುಟ್ಟಿದವು, ಯಾರೋ ಕೆಮ್ಮಿದರು. ಶಾಂತಾ ಹೆಣದ ತಲೆಯ ಬಳಿ ಕಣ್ಣು ಮುಚ್ಚಿ ನಿಂತಿದ್ದಳು. ಮೂವತ್ತೊಂದು ವರ್ಷದ ಅನುಭವದಲ್ಲಿ ಯಂತ್ರಗಳು ಸುಮ್ಮನಾದರೆ ನನಗೆ ಗೊತ್ತಿದ್ದ ಅರ್ಥ ಒಂದೇ: ಏನೋ ಕೆಟ್ಟಿದೆ. ಪಾಪ, ಇವಳಿಗೆ ಹಾಡು ಮರೆತಿದೆ, ನಾಲ್ಕು ಜನರ ಮುಂದೆ ಮಾನ ಹೋಗಬಾರದು ಎಂದು ಹಗ್ಗ ಎಳೆದೆ.

ಪರದೆ ಮುಚ್ಚಿತು. ಅದೇ ಕ್ಷಣ ಶಾಂತಾ ಬಾಯಿ ತೆರೆದಳು. ಆಚೆ ಚಪ್ಪಾಳೆಯ ಸುರಿಮಳೆ. ಅವಳು ನಿಲ್ಲಿಸಲಿಲ್ಲ, ಮುಚ್ಚಿದ ಪರದೆಯ ಹಿಂದೆ ಪೂರ್ತಿ ಹಾಡಿದಳು. ತಿರುಗಿ ತೆರೆಯೋಣವೆಂದರೆ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತು.

ಠಾಣೆಯ ರೈಲಿನಲ್ಲಿ ಎದುರುಬದುರು ಕುಳಿತೆವು. ತುರ್ಭೆ ನಿಲ್ದಾಣ ಬಂತು.

“ಮರ್ತಿದ್ದಿ ಅಂದುಕೊಂಡೆ,” ಎಂದೆ.

“ಮರ್ತಿದ್ದಿಲ್ರಿ. ಮಗ ಸತ್ತಾನ. ತಾಯಿ ಬಾಯಾಗ ದನಿ ಬರಲಿಕ್ಕೆ ವ್ಯಾಳ್ಯಾ ಹಿಡೀತದ.”

ನಾನು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

“ಹೋಗ್ಲಿ ಬಿಡ್ರಿ. ನೀವಂತೂ ಹತ್ತಿರನಽ ನಿಂತಿದ್ರಿ. ಹೆಂಗಿತ್ತು?”

ಆ ಹಾಡು ಕೇಳುವಷ್ಟು ಹತ್ತಿರ ಇದ್ದವರು ನಾವಿಬ್ಬರೇ, ನಾನು ಮತ್ತು ಹೆಣ. ಹೆಣವಾಗಿ ಮಲಗಿದ್ದ ವಸಯಿಯ ಗಾಯಕನಿಗೆ ಕನ್ನಡ ಬರುವುದಿಲ್ಲ.

“ಭಾಳ ಛಲೋ ಇತ್ತು,” ಎಂದೆ.

“ಹಾಡಿನ್ಯಾಗ ಯಾವ ಸಾಲು?”

ಕಿಟಕಿಯ ಹೊರಗೆ ನೋಡಿದೆ. ಒಂದು ಶಬ್ದವಾದರೂ ನೆನಪಿಗೆ ಬರಲೆಂದು ಪರದಾಡಿದೆ. ಹಗ್ಗದ ಗಂಟು ಕಂಡಿತು, ನನ್ನ ಮಣಿಕಟ್ಟಿನ ಗಡಿಯಾರ ಕಂಡಿತು. ಕೊನೆಗೆ ಆ ಹಾಡಿನದೆಂದು ನನ್ನ ಬಳಿ ಇದ್ದದ್ದನ್ನೇ ಹೇಳಿದೆ.

“ಒಂದು ನಿಮಿಷ ಐವತ್ತು ಸೆಕೆಂಡು.”