ಪೆನ್‌ಡ್ರೈವ್ ಕಿತ್ತುಕೊಂಡು ಓಡುವವರು

ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಪಿಂಗ್, ಪ್ರಿಂಟಿಂಗ್ ಅಂಗಡಿ ಇದೆ. ಹೆಬ್ಬೆರಳು ಗಾತ್ರದ ಪೆನ್‌ಡ್ರೈವ್‌ನಿಂದ ಮನುಷ್ಯನ ಮಾನ ಹೋಗುತ್ತೆ ಅಂದರೆ ನೀವು ನಂಬಲಿಕ್ಕಿಲ್ಲ. ನನ್ನ ಅಂಗಡಿಯಲ್ಲಿ ಆಗಾಗ ಯಾರದ್ದಾದರೂ ಹೋಗುತ್ತಲೇ ಇರುತ್ತೆ. ಕಳಕೊಳ್ಳುವವರು ಅವರು, ಬೈಸಿಕೊಳ್ಳುವವಳು ನಾನು.

ಬಸ್ಸು ಬಂತು

ಕವಲಂದೆಯ ಒಬ್ಬ ನಿವೃತ್ತ ಮೇಷ್ಟ್ರು ಹಳೇ ವಿದ್ಯಾರ್ಥಿಗಳ ಸಭೆಯಲ್ಲಿ ತೋರಿಸಬೇಕು ಅಂತ ಶಾಲೆಯ ಗುಂಪು ಫೋಟೋ ತಂದಿದ್ದರು. ಸ್ಕ್ಯಾನ್ ಮಾಡಿ ಅವರ ಪೆನ್‌ಡ್ರೈವ್‌ಗೆ ಹಾಕುತ್ತಿದ್ದೆ. ಅಷ್ಟರಲ್ಲಿ ಕವಲಂದೆ ಬಸ್ಸು ಹಾರನ್ ಹೊಡೆಯಿತು. ಮೇಷ್ಟ್ರು ಕೈಹಾಕಿ ಪೆನ್‌ಡ್ರೈವ್ ಕಿತ್ತವರೇ ಓಡಿದರು. ಕಾಪಿ ಇನ್ನೂ ಮುಗಿದಿಲ್ಲ, ತೆಗೆಯೋದಕ್ಕೂ ಒಂದು ಕ್ರಮ ಇದೆ ಅಂತ ನಾನು ಕೂಗಿದ್ದು ಕಂಡಕ್ಟರಿಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ.

ಮಾರನೆಯ ದಿನ ಕೆಂಡಾಮಂಡಲವಾಗಿ ಬಂದರು. ಫೋಟೋದ ಮೇಲರ್ಧ ಸರಿಯಾಗಿದೆ, ಕೆಳಗರ್ಧ ಪೂರ್ತಿ ಬೂದಿ ಬಣ್ಣ. "ಹಿಂದೆ ಬೆಂಚಿನ ಮೇಲೆ ನಿಂತಿರೋ ತರಲೆಗಳೆಲ್ಲ ಇದ್ದಾರೆ. ಮುಂದೆ ಕುರ್ಚೀಲಿ ಕೂತಿರೋ ನಾನೇ ಇಲ್ವಲ್ಲಮ್ಮ!"

ನನಗೂ ರೇಗಿತ್ತು. "ನೀವು ಬಸ್ಸಿಗೆ ಹೋಗಿದ್ರಲ್ಲ ಸಾರ್," ಅಂದೆ.

ಅರಿಸಿನ ಕುಂಕುಮ

ಆಯುಧಪೂಜೆ ಕಳೆದ ಮೇಲೆ ಹೆಡತಲೆ ಊರಿನ ರೈತರೊಬ್ಬರು ಬಂದು, ತಮ್ಮ ಪೆನ್‌ಡ್ರೈವ್ ಮಾತಾಡ್ತಿಲ್ಲ ಅಂದರು. ಕೇಳುವ ಮೊದಲೇ ಅದನ್ನು ನನ್ನ ಕಂಪ್ಯೂಟರಿಗೆ ಚುಚ್ಚಿಬಿಟ್ಟರು. ಈಚೆಗೆ ಎಳೆದು ನೋಡಿದರೆ ಅದರ ಬಾಯಿ ತುಂಬ ಅರಿಸಿನ, ಕುಂಕುಮ, ಒಣಗಿದ ಗಂಧ. ಮನೆಯವರು ಕುಡುಗೋಲು, ಬೈಕು, ಮೋಟರ್ ಪಂಪಿನ ಜೊತೆ ಇದಕ್ಕೂ ಪೂಜೆ ಮಾಡಿದ್ದರು. ಈಗ ನನ್ನ ಕಂಪ್ಯೂಟರಿಗೂ ಆಗಿತ್ತು.

ನಾನು ಗೊಣಗಿದ್ದಕ್ಕೆ ಅವರಿಗೆ ಬೇಜಾರಾಯಿತು. "ದೇವ್ರ ಮುಂದೆ ಮಡಗಿದ್ದು ಕಣಮ್ಮ. ಅದ್ರಿಂದ ಕೆಟ್ಟೋಯ್ತದಾ?"

ಅದರಲ್ಲಿದ್ದದ್ದು ತೀರಿಹೋದ ಅವರ ತಾಯಿ ಹಾಡಿದ ಸೋಬಾನೆ ಪದಗಳು. ಬೇರೆಲ್ಲೂ ಇರಲಿಲ್ಲ. ಅದು ಗೊತ್ತಾದ ಮೇಲೆ ಬೇರೆ ಕೆಲಸ ಬದಿಗಿಟ್ಟೆ. ಬ್ರಷ್ಷಿನಲ್ಲಿ ಉಜ್ಜಿ, ಊದಿ, ಬೇರೆ ತೂತಿಗೆ ಹಾಕಿದಾಗ ಮುದುಕಿಯ ದನಿ ಗಟ್ಟಿಯಾಗಿ ಬಂತು. ಅವರು ಸ್ಟೂಲಿನ ಮೇಲೆ ಕೂತು ಪದ ಪೂರ್ತಿ ಕೇಳಿದರು. ಅವರ ಫೋನಿಗೂ ಒಂದು ಕಾಪಿ ಹಾಕಿಕೊಟ್ಟೆ, ಇನ್ನು ಮೇಲೆ ಪೂಜೆ ಬೇಡ ಅಂದೆ.

ಅವರು ಕಣ್ಣೊರೆಸಿಕೊಂಡು, "ಪೂಜೆ ಬುಡಕ್ಕಾದದಾ? ಮುಂದಿನ್ ವರ್ಸ ಬಾಯ್ಗೆ ಇಡಲ್ಲ, ಬೆನ್ಗೆ ಇಡ್ತೀವಿ," ಅಂದರು.

ಎರಡು ಕಾಪಿ

ಕಾಲೇಜು ಮೇಷ್ಟ್ರೊಬ್ಬರು ಟಿ. ನರಸೀಪುರದಿಂದ ಬೆವರುತ್ತಾ ಬಂದರು. ಲ್ಯಾಪ್‌ಟಾಪಿಗೆ ಚುಚ್ಚಿದ್ದ ಪೆನ್‌ಡ್ರೈವ್‌ಗೆ ಮೊಣಕಾಲು ತಗುಲಿ ಅದರ ಕತ್ತು ಮುರಿದಿತ್ತು. ಒಳಗೆ ಪಿಎಚ್‌ಡಿ ಪ್ರಬಂಧ. ಕಾಪಿ ಇಟ್ಟಿದ್ದೀರಾ ಅಂತ ಕೇಳಿದೆ.

"ಇದೆ. ಬ್ಯಾಕಪ್ ಅಂತಾನೇ ಒಂದು ಫೋಲ್ಡರ್ ಮಾಡಿದ್ದೀನಿ."

"ಎಲ್ಲಿ ಸಾರ್?"

"ಇದರಲ್ಲೇ."

ಪುಣ್ಯಕ್ಕೆ, ಹಿಂದೊಮ್ಮೆ ಅವರು ಪ್ರಿಂಟಿಗೆ ಕೊಟ್ಟಿದ್ದ ಅಧ್ಯಾಯಗಳು ನನ್ನ ಕಂಪ್ಯೂಟರಿನಲ್ಲೇ ಉಳಿದಿದ್ದವು. ಕೊನೆಯದೊಂದು ಬಿಟ್ಟು ಎಲ್ಲಾ ಸಿಕ್ಕಿತು. ಮೇಷ್ಟ್ರು ಕೂತು, ನೀರು ಕುಡಿದು, ನೆಮ್ಮದಿಯ ಉಸಿರು ಬಿಟ್ಟರು. ಒಂದು ಥ್ಯಾಂಕ್ಸ್ ಬರಬಹುದು ಅಂತ ನಾನು ಕಾದೆ.

"ಅಲ್ರೀ," ಅಂದರು ಗಂಭೀರವಾಗಿ, "ನನ್ನ ಸಂಶೋಧನೆ ಇಟ್ಕೊಳ್ಳೋಕೆ ನಿಮಗೆ ಯಾರು ಪರ್ಮಿಷನ್ ಕೊಟ್ಟರು?"

ಮುಹೂರ್ತ

ಅಂಗಡಿಯಲ್ಲಿ ನಾನು ಪ್ರಚಾರದ ಆಟೋಗಳಿಗೆ ದನಿಯನ್ನೂ ಕೊಡುತ್ತೇನೆ. ಮೈಕ್‌ಸೆಟ್ಟಿನವನೊಬ್ಬ ಹಳ್ಳಿಗಳಲ್ಲಿ ಸಾರಲು ದನಗಳ ಲಸಿಕೆಯ ಪ್ರಕಟಣೆ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡ. ಅವನ ಹತ್ತಿರ ಒಂದೇ ಥರದ ಕಪ್ಪು ಪೆನ್‌ಡ್ರೈವ್‌ಗಳು ಒಂದು ಜೇಬು ತುಂಬ ಇದ್ದವು. ಚೀಟಿ ಅಂಟಿಸಿಕೊಡ್ತೀನಿ ಅಂದೆ. "ಎತ್ತ ಮಕ್ಳು ತಾಯ್ಗೆ ಗೊತ್ತಾಗಲ್ವಾ?" ಅಂದು ಹೋದ.

ಆ ವಾರವೇ ಟಿ. ನರಸೀಪುರದಲ್ಲಿ ನನ್ನ ಅಕ್ಕನ ನಾದಿನಿಯ ಮದುವೆ. ಮೈಕ್‌ಸೆಟ್ಟು ಅವನದ್ದೇ. ಓಲಗದವರು ಬರುವುದು ತಡವಾಗಿ, ಮುಹೂರ್ತಕ್ಕೆ ಪೆನ್‌ಡ್ರೈವಿನ ನಾದಸ್ವರವೇ ಗತಿಯಾಗಿತ್ತು. ಪುರೋಹಿತರು ಗಟ್ಟಿಮೇಳ ಅಂತ ಕೈಯೆತ್ತಿದರು. ಹುಡುಗ ತಾಳಿ ಹಿಡಿದು ಬಗ್ಗಿದ. ನಾವೆಲ್ಲ ಅಕ್ಷತೆ ಎತ್ತಿದೆವು.

ಛತ್ರದ ನಾಲ್ಕೂ ಮೂಲೆಯಿಂದ ನನ್ನ ದನಿ ಮೊಳಗಿತು. "ರೈತ ಬಾಂಧವರೇ, ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಲಾಗುವುದು. ನಿಮ್ಮ ನಿಮ್ಮ ರಾಸುಗಳನ್ನು ಹಿಡಿದುಕೊಂಡು ತಪ್ಪದೇ ಬನ್ನಿ."

ಹುಡುಗನ ಕೈ ಅಲ್ಲೇ ನಿಂತಿತು. ಇಡೀ ಛತ್ರ ನನ್ನ ಕಡೆ ತಿರುಗಿತು. ಮೈಕ್‌ಸೆಟ್ಟಿನವನು ಗಾಬರಿಯಲ್ಲಿ ನಿಲ್ಲಿಸಲು ಹೋಗಿ ವಾಲ್ಯೂಮ್ ಜಾಸ್ತಿ ಮಾಡಿದ. "ಕೊರಳಿನ ಹಗ್ಗ ಬಿಗಿಯಾಗಿ ಹಿಡಿಯಿರಿ. ಗಾಬರಿಯಾದರೆ ಒದೆಯುವ ಸಂಭವವಿರುತ್ತದೆ."

ಮೊದಲು ನಕ್ಕವಳು ಮದುಮಗಳು. ಆಮೇಲೆ ತಡೆಯುವವರೇ ಇಲ್ಲ. ಮೈಕ್‌ಸೆಟ್ಟಿನವನು ಮಾತ್ರ ನನ್ನ ಕಡೆ ಕೈ ತೋರಿಸಿ, ತಪ್ಪೆಲ್ಲಾ ಅಂಗಡಿಯವರದ್ದು, ಚೀಟಿ ಅಂಟಿಸಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ನನಗೆ ಮೈಯೆಲ್ಲಾ ಉರಿಯಿತು. ಎದ್ದು ಹೋಗಿ ಅವನಿಗೆ ಬುದ್ಧಿ ಹೇಳಬೇಕು ಅನ್ನುವಷ್ಟರಲ್ಲಿ, ನಿಂತೇ ಇದ್ದ ಮದುಮಗನಿಗೆ ಹುಡುಗಿಯ ತಾತ ಮುಂದಿನ ಸಾಲಿನಿಂದಲೇ ಧೈರ್ಯ ಹೇಳಿದರು.

"ಕಟ್ಟಪ್ಪ ಕಟ್ಟು, ನಮ್ ಉಡ್ಗಿ ಒದೆಯಾಕಿಲ್ಲ. ಲಸಿಕೆ ಆಗ್ಯದೆ."