ಅತ್ತೆಯ ದನಿಗೆ ಅಳಿಯ ಕಟ್ಟಿದ ಗೋಡೆ

ಚಂದ್ರಶೇಖರಪ್ಪನವರ ಹೆಂಡತಿಯ ತವರುಮನೆ ಪಕ್ಕದಲ್ಲೇ ಇತ್ತು. ನಡುವೆ ಒಂದೇ ಒಂದು ಗೋಡೆ. ಇಷ್ಟು ಹೇಳಿದರೆ ಅನುಭವಸ್ಥರಿಗೆ ಉಳಿದದ್ದು ಅರ್ಥವಾಗುತ್ತದೆ. (ಅರ್ಥವಾಗದವರು ಪುಣ್ಯವಂತರು.)

ನಲವತ್ತು ವರ್ಷದ ಹಿಂದೆ ಶಿಕಾರಿಪುರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಬಂದವರು ಹೂವಮ್ಮನವರ ಮನೆಯ ಪಕ್ಕ ಕೋಣೆ ಹಿಡಿದರು. ವರ್ಷದೊಳಗೆ ಅವರ ಮಗಳು ಪ್ರಮೀಳಾಳ ಕೈ ಹಿಡಿದರು. ಆಗೆಲ್ಲ ಜಡೆ ಊರಿನವರು ಶಿಕಾರಿಪುರದವರ ಹತ್ತಿರ ಮಾತಾಡಬೇಕೆಂದರೆ ಕರೆ ಸೊರಬದ ಮೇಲೆ ಹಾದು ಇವರ ಕೈಗೇ ಬರಬೇಕಿತ್ತು. ಎದುರಿಗೆ ತೂತುಗಳ ಹಲಗೆ, ಸೊರಬದ ತುದಿಯಲ್ಲಿ ಗೆಳೆಯ ಶ್ರೀನಾಥ. "ಹಲೋ ಸೊರಬಾ!" ಎಂದು ಕೂಗಿ ವೈರು ಚುಚ್ಚಿದರೆ ಎರಡು ಊರು ಒಂದಾಗುತ್ತಿದ್ದವು. ಆ ಸುಖ ಈಗಿನ ಮೊಬೈಲಿನಲ್ಲಿ ಎಲ್ಲಿದೆ? ನೆನೆಸಿಕೊಂಡರೆ ಅವರಿಗೆ ಇವತ್ತಿಗೂ ಸಂಕಟ.

ಆ ಸಂಕಟ ಕಳೆಯಲು ನಿವೃತ್ತಿಯ ನಂತರ ಮನೆಯಲ್ಲೇ ಸ್ವಂತ ಸಾಮ್ರಾಜ್ಯ ಸ್ಥಾಪಿಸಿದ್ದರು: ಒಂದು ರೂಟರ್, ಟಿಫಿನ್ ಡಬ್ಬಿಯಷ್ಟಿದ್ದ ಒಂದು ಸರ್ವರ್. ಅದರಲ್ಲಿ ಹಳೆಯ ಫೋಟೋಗಳಿದ್ದವು, ತೀರಿಹೋದ ಅತ್ತೆ ಹೂವಮ್ಮ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಪದವಿತ್ತು. ಎಂಬತ್ತಾರರಲ್ಲಿ ಅಳಿಯಂದಿರೇ ಟೇಪ್ ಮಾಡಿದ್ದು. ಕ್ಯಾಸೆಟ್ಟು ಬೂಷ್ಟು ಹಿಡಿದು ಹೋಗಿ, ಆ ದನಿ ಉಳಿದಿದ್ದು ಈ ಡಬ್ಬಿಯೊಳಗೆ ಮಾತ್ರ. ರೂಟರಿನ ಕೃಪೆ ಗೋಡೆಯಾಚೆಯ ಭಾಮೈದ ಮಹಾಂತೇಶನ ಮನೆಗೂ ಹರಿದಿತ್ತು. ಎರಡೂ ಮನೆಯ ಟಿವಿ, ಫೋನುಗಳಿಗೆ ಒಂದೊಂದು ನಂಬರು: ನೂರಿಪ್ಪತ್ತೇಳರ ತನಕ ತಮಗೆ, ಅಲ್ಲಿಂದ ಮೇಲೆ ಭಾಮೈದನಿಗೆ.

ಅವತ್ತು ಪ್ರಮೀಳಾಳ ಅಕ್ಕ ಮಹಾದೇವಮ್ಮ ಅಮ್ಮನ ದನಿ ಕೇಳಲೆಂದೇ ಜಡೆಯಿಂದ ಬರುವವರಿದ್ದರು. ಬೆಳಿಗ್ಗೆ ಚಂದ್ರಶೇಖರಪ್ಪ ಸುದ್ದಿ ನೋಡಲು ಕೂತರೆ ಟಿವಿ ಗಿರಗಿರ ತಿರುಗುತ್ತಾ ನಿಂತಿತು. ಗೋಡೆಯಾಚೆ ಮಾತ್ರ ಸಿನಿಮಾದ ಹೊಡೆದಾಟ ಜೋರಾಗಿ ನಡೆದಿತ್ತು. ಆಗ ಅವರಿಗೆ ಹೊಳೆದದ್ದು ಸಬ್‌ನೆಟ್ ಮಾಸ್ಕ್. ಯಾವ ನಂಬರಿನವರು ಮನೆಯವರು, ಯಾವ ನಂಬರಿನವರು ಹೊರಗಿನವರು ಎಂದು ರೂಟರಿಗೆ ಹೇಳಿಕೊಡುವ ಅಂಕಿ ಅದು. ಅದರ ಕೊನೆಯ ಸೊನ್ನೆ ಅಳಿಸಿ ನೂರಿಪ್ಪತ್ತೆಂಟು ಮಾಡಿದರು. ನೂರಿಪ್ಪತ್ತೇಳರಾಚೆ ಇದ್ದ ಭಾಮೈದ ಒಂದೇ ಏಟಿಗೆ ಹೊರಗಿನವನಾದ. ಆಚೆಯ ಹೊಡೆದಾಟ ಅರ್ಧಕ್ಕೇ ನಿಂತು, ಈಚೆ ಸುದ್ದಿ ಸರಾಗ ಹರಿಯಿತು.

ಹನ್ನೊಂದಕ್ಕೆ ಮಹಾದೇವಮ್ಮ ಬಂದರು. ಕಾಲು ತೊಳೆದವರೇ ಟಿವಿಯ ಮುಂದೆ ಸೆರಗು ಹೊದ್ದು ಕೂತರು. ಚಂದ್ರಶೇಖರಪ್ಪ ಗತ್ತಿನಿಂದ ರಿಮೋಟ್ ಒತ್ತಿದರು. "ಸರ್ವರ್ ಸಿಗುತ್ತಿಲ್ಲ" ಎಂದು ಬಂತು.

"ಏನ್ರೀ ಅದು?" ಪ್ರಮೀಳಾ ಕೇಳಿದರು.

"ಒಂದ್ನಿಮಿಷ."

"ನಿಮ್ಮ ಒಂದ್ನಿಮಿಷ ನಂಗೊತ್ತೈತಿ. ಅಮ್ಮನ್ನ ಅಳಿಸಿ ಹಾಕಿದ್ರಾ ಹೆಂಗೆ?"

"ಅಳಿಸೋಕೆ ಅದೇನು ಸ್ಲೇಟಾ?"

"ಬಿಡು ಪ್ರಮೀಳಾ," ಎಂದರು ಮಹಾದೇವಮ್ಮ ಮೆಲ್ಲಗೆ. "ಅಮ್ಮನ ದನಿ ಹೆಂಗಿತ್ತು ಅನ್ನೋದೇ ಮರ್ತು ಹೋಗೇತಿ ನಂಗೆ. ಒಂದ್ಸಲ ಕೇಳಿದ್ರೆ ಸಾಕಿತ್ತು."

ಆ ಮಾತು ಚಂದ್ರಶೇಖರಪ್ಪನವರಿಗೆ ಎದೆಗೇ ನಾಟಿತು. ಹಿತ್ತಲಿಗೆ ಓಡಿ ಸೊರಬಕ್ಕೆ ಫೋನ್ ಮಾಡಿದರು.

"ಶ್ರೀನಾಥ, ಲೈನ್ ಕೆಟ್ಟೈತೋ!" ಎಂದು ನಡೆದದ್ದನ್ನೆಲ್ಲ ಪಿಸುಗುಟ್ಟಿದರು.

"ಸರ್ವರಿಗೆ ಯಾವ ನಂಬರ್ ಕೊಟ್ಟಿದೀಯ ಮಾರಾಯ?"

"ಇನ್ನೂರು. ನಮ್ಮ ಎಕ್ಸ್‌ಚೇಂಜಿನ ನಂಬರಲ್ವಾ, ನೆನಪಿಗಿರ್ಲಿ ಅಂತ."

ಆ ತುದಿಯಲ್ಲಿ ಶ್ರೀನಾಥ ನಕ್ಕಿದ್ದು ಯಾವ ಫೋನೂ ಇಲ್ಲದೆ ಕೇಳುವಂತಿತ್ತು. "ಹಂಗಾರೆ ಅತ್ತೇನ ನೀನೇ ಭಾಮೈದನ ಕಡೆ ಹಾಕಿದೀಯ! ನೀ ಕೂಗಿದ್ದನ್ನ ರೂಟರ್ ಊರಾಚೆ ತಗೊಂಡು ಹೋಗಿ ಹುಡುಕ್ತಾ ಇರುತ್ತೆ. ಮೊದ್ಲಿದ್ದಂಗೆ ಸೊನ್ನೆ ಹಾಕು, ಸುಮ್ನೆ."

ಹಾಕಬಹುದಿತ್ತು. ಆದರೆ ರೂಟರಿದ್ದದ್ದು ಟಿವಿಯ ಪಕ್ಕ, ಟಿವಿಯ ಪಕ್ಕ ಪ್ರಮೀಳಾ. ಸೊನ್ನೆ ಯಾಕೆ ಹೋಗಿತ್ತು ಎಂದು ಕೇಳದೆ ಬಿಡುವ ಹೆಂಗಸಲ್ಲ. ಏನು ಸುಳ್ಳು ಹೇಳಲಿ ಎಂದು ಅವರು ಕರಿಬೇವಿನ ಗಿಡದ ಬುಡದಲ್ಲಿ ಯೋಚಿಸುತ್ತಿರುವಾಗಲೇ ಗೋಡೆಯಾಚೆಯಿಂದ ಬೀಸುಕಲ್ಲಿನ ಗರಗರ ಸದ್ದು ಬಂತು. ಅದರ ಹಿಂದೆಯೇ ಹೂವಮ್ಮನವರ ದನಿ.

"ಅಮ್ಮಾ!" ಎನ್ನುತ್ತಾ ಅಕ್ಕತಂಗಿಯರು ಬೀದಿಗಿಳಿದು ತವರಿನತ್ತ ಓಡಿದರು. ಹಿಂದೆ ಚಂದ್ರಶೇಖರಪ್ಪ. ಬೆಳಿಗ್ಗೆಯಿಂದ ಇಂಟರ್‌ನೆಟ್ ಇಲ್ಲದೆ ಬೇಸತ್ತ ಮಹಾಂತೇಶ, ತನ್ನ ಟಿವಿಗೆ ಸಿಕ್ಕುತ್ತಿದ್ದ ಒಂದೇ ಒಂದನ್ನು, ತನ್ನ ಕಡೆಗೇ ಬಿದ್ದಿದ್ದ ಸರ್ವರಿನ ಆ ಹಾಡನ್ನು, ಹಾಕಿಕೊಂಡು ಕೂತಿದ್ದ.

ಹಾಡು ಸಾಗಿತು. ಕಲ್ಲು ತಿರುಗುವ ಲಯ, ನಡುವೆ ಹೂವಮ್ಮ ಎಳೆದುಕೊಳ್ಳುವ ಉಸಿರು, ದೂರದಲ್ಲೆಲ್ಲೋ ಅಂದಿನ ಕರುವಿನ ಕೂಗು. ಮಹಾದೇವಮ್ಮ ಕಣ್ಣೊರೆಸಿಕೊಳ್ಳಲೂ ಇಲ್ಲ. ಚಂದ್ರಶೇಖರಪ್ಪ ಬಾಗಿಲಿಗೇ ಒರಗಿ ನಿಂತರು. ಆ ಅಂಗಳ, ಆ ವಯಸ್ಸು, ಯಾವ ವೈರು ಚುಚ್ಚಿದರೂ ಇನ್ನು ಸಿಗುವಂಥದ್ದಲ್ಲ.

ಹಾಡು ಮುಗಿಯಿತು. ಇಷ್ಟು ವರ್ಷ ಚಂದ್ರಶೇಖರಪ್ಪ ಇಲ್ಲಿಗೇ ನಿಲ್ಲಿಸುತ್ತಿದ್ದರು. ಮಹಾಂತೇಶ ನಿಲ್ಲಿಸಲಿಲ್ಲ. ಟೇಪು ಓಡುತ್ತಿದೆಯೆಂದು ತಿಳಿಯದ ಹೂವಮ್ಮ ದನಿ ತಗ್ಗಿಸಿದರು:

"ಹೋದ್ರೇನೇ ಪ್ರಮೀಳಾ, ಅಳಿಯಂದ್ರು? ಈ ಟೇಪ್ ರೆಕಾರ್ಡ್ ಅವ್ರ ಕೈಗೆ ಸಿಗದಂಗೆ ಮ್ಯಾಲಿಡು. ರೇಡಿಯೋ ಹಾಡ್ತಿತ್ತು, ಬಿಚ್ಚಿಟ್ರು. ಗಡಿಯಾರ ನಡೀತಿತ್ತು, ಬಿಚ್ಚಿಟ್ರು. ಮನ್ಯಾಗೆ ಏನಾರ ಇದ್ದಕ್ಕಿದ್ದಂಗೆ ನಿಂತೈತಿ ಅಂದ್ರೆ ಮೊದ್ಲು ಅವ್ರನ್ನ ಕೇಳ್ರಿ."

ಮಹಾಂತೇಶ ನಿಧಾನವಾಗಿ ತಿರುಗಿದ.

"ಭಾವ," ಎಂದ, "ನಮ್ಮನೇ ಇಂಟರ್‌ನೆಟ್ ಬೆಳಿಗ್ಗೆಯಿಂದ ನಿಂತೈತಲ್ರೀ?"