ಅಡ್ಡಹೆಸರು ನೇಪಾಳ

ಬಯ್ಯದೆಯೇ ಒಬ್ಬರ ಮರ್ಯಾದೆ ತೆಗೆಯಬೇಕಿದ್ದರೆ ‘ನಿಮ್ಮ ಮೂಲ ಊರು ಯಾವುದು?’ ಎಂದು ಕೇಳಿದರೆ ಸಾಕು. ನಮ್ಮ ಕಡೆ ಈ ಪ್ರಶ್ನೆಯೇ ದಂಡ, ಉತ್ತರವನ್ನು ಅಡ್ಡಹೆಸರು ಮಾಡಿಕೊಂಡೇ ತಿರುಗುತ್ತೇವೆ. ಕುಷ್ಟಗಿಯಲ್ಲೇ ಇದ್ದವನನ್ನು ಯಾರೂ ಕುಷ್ಟಗಿ ಎನ್ನುವುದಿಲ್ಲ. ಅದನ್ನು ಬಿಟ್ಟು ಕೊಪ್ಪಳಕ್ಕೆ ಬಂದವನೇ ಕುಷ್ಟಗಿಯಾಗುತ್ತಾನೆ. ನಾನು ಬೇವೂರ. ಮುತ್ತಜ್ಜ ಬೇವೂರು ಬಿಟ್ಟು ಗಂಗಾವತಿ ಸೇರಿದ ಮೇಲೆ ನಮ್ಮ ಮನೆಯವರಾರೂ ಆ ಕಡೆ ಹಾಯ್ದಿಲ್ಲ. ಆದರೂ ಬೇವೂರ ಎಂದು ಎದೆ ಸೆಟೆಸಿ ಹೇಳಿಕೊಳ್ಳುತ್ತೇನೆ.

ನಮ್ಮ ಓಣಿ ಕಾಯುವ ಗೂರ್ಖಾ ದಿಲ್‌ಬಹಾದ್ದೂರ ಹುಲಿಗೆಮ್ಮ ದೇವಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳಿಗೆ ಹುಲಿಗೆಮ್ಮ ಎಂದೇ ಹೆಸರಿಟ್ಟ. ಶಾಲೆಗೆ ಸೇರಿಸುವಾಗ ಮಾಸ್ತರರು ಅಡ್ಡಹೆಸರು ಕೇಳಿದರು. ಇವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದವರು ‘ನಿಮ್ಮ ಊರ ಹೆಸರು ಹೇಳೋ’ ಎಂದರು. ‘ನೇಪಾಳ’ ಎಂದ. ಹೀಗೆ ಗಂಗಾವತಿಯ ದವಾಖಾನೆಯಲ್ಲಿ ಹುಟ್ಟಿದ ಕೂಸು ಹುಲಿಗೆಮ್ಮ ನೇಪಾಳ ಆಯಿತು.

ಈ ವರ್ಷ ಹುಡುಗಿ ಸರಕಾರಿ ವಸತಿ ಶಾಲೆಯ ಪರೀಕ್ಷೆ ಪಾಸಾದಳು. ಅಪ್ಪನಿಗೆ ರಾತ್ರಿಯಿಡೀ ಗಸ್ತು, ಅವ್ವನಿಗೆ ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಕೆಲಸ. ಬೆಳೆಯುವ ಹುಡುಗಿ ಮನೆಯಲ್ಲಿ ಒಬ್ಬಳೇ. ಸೀಟು ಸಿಕ್ಕರೆ ಎಲ್ಲರೂ ಇಲ್ಲೇ, ಸಿಗದಿದ್ದರೆ ಅವ್ವ ಮಗಳು ನೇಪಾಳಕ್ಕೆ ಎಂದು ತೀರ್ಮಾನವಾಗಿತ್ತು. ಸೀಟಿಗೆ ಬೇಕಾದ ಪ್ರಮಾಣಪತ್ರ ತರಲು ಅಪ್ಪ ಮಗಳು ಹೊರಟಾಗ, ನನ್ನ ಮಾತಿಗೆ ಊರಲ್ಲಿ ತೂಕವಿದೆ ಎಂಬ ಭ್ರಮೆಯಿಂದ ನಾನೂ ತಹಶೀಲ್ದಾರ ಕಚೇರಿಗೆ ಹೊರಟೆ.

ಮೇಜಿನ ಹಿಂದಿದ್ದ ಗುಮಾಸ್ತರು ಹನುಮಸಾಗರ. ಅವರೂ ಹನುಮಸಾಗರ ಬಿಟ್ಟು ಬಂದವರ ಪೈಕಿಯೇ ಎನ್ನಿ.

“ಅಪ್ಪ ಅವ್ವ ನೇಪಾಳದವ್ರು. ಜಾತಿ, ಆದಾಯ ಪ್ರಮಾಣಪತ್ರ ಕೊಡಾಕ ಬರಂಗಿಲ್ರಿ.”

“ಹುಡುಗಿ ಇಲ್ಲೇ ಹುಟ್ಯಾಳಲ್ರಿ?” ಎಂದೆ.

“ಹುಟ್ಟಿದ್ರ ಆಗಂಗಿಲ್ರಿ. ಅಪ್ಪ ಅವ್ವ ಇಲ್ಲಿಯವ್ರ ಇರಬೇಕು.”

ಹುಲಿಗೆಮ್ಮ ಮುಂದೆ ಬಂದಳು. “ಸರ್, ಕನ್ನಡದಾಗ ನಾನ ಸಾಲಿಗೆ ಫಸ್ಟ್ ಬಂದೀನ್ರಿ.”

“ಮಾತು ನಮಗಿಂತ ಛಲೋ ಐತಿ. ಅದಕ್ಕ ನನಗ ಸಂಶೆ!”

ಎಂಥ ತಲೆ! ಕನ್ನಡ ಬಾರದಿದ್ದರೆ ಪರದೇಶಿ, ಬಂದರೆ ಕಳ್ಳಿ. ಕಾನೂನು ಅವರದಲ್ಲ, ಒಪ್ಪೋಣ. ಆ ಹಲ್ಲುಕಿರಿತ ಮಾತ್ರ ಅವರದೇ. ನಾನು ದನಿ ಏರಿಸಿ, “ನಾ ಬೇವೂರ ಹೇಳಾಕತ್ತೀನ್ರಿ, ಇವ್ರು ನಮ್ಮವ್ರು” ಎಂದೆ.

“ಬೇವೂರಾಗ ಎಲ್ಲಿ ಬರ್ತೈತ್ರಿ ನಿಮ್ಮ ಮನಿ?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಕಾಕಾ ಬೇವೂರು ನೋಡೇ ಇಲ್ರಿ,” ಎಂದಳು ಹುಲಿಗೆಮ್ಮ, ನನ್ನನ್ನು ಕಾಪಾಡುವ ಉಮೇದಿನಲ್ಲಿ. “ನಾ ನೋಡೀನ್ರಿ. ನನ್ನ ಗೆಳತಿ ಊರದು.”

ನನ್ನ ತೂಕ ಅಲ್ಲಿಗೆ ಮುಗಿಯಿತು. ಸೀಟೂ ಹೋಯಿತು.

ಓಣಿಯವರಿಗೆ ಹೇಳಿದರೆ, “ಎಷ್ಟಂದ್ರೂ ಹೊರಗಿನವ್ರಲ್ರಿ” ಎಂದರು. ಮದುವೆಗೆ ಹೋಗುವಾಗ ಮನೆಯ ಕೀಲಿಕೈಯನ್ನು ಇದೇ ಹೊರಗಿನವನ ಕೈಗಿಟ್ಟು ಹೋಗುವ ಮಹಾನುಭಾವರು! ಥೂ, ಇವರ ಜನ್ಮಕ್ಕಿಷ್ಟು.

ಬಸ್ ನಿಲ್ದಾಣದವರೆಗೆ ಹೋಗಿ ಅವ್ವ ಮಗಳನ್ನು ಕಳಿಸಿದೆ. ದಿಲ್‌ಬಹಾದ್ದೂರ ಗಂಟುಗಳನ್ನು ಮೇಲೇರಿಸುತ್ತಿದ್ದ. ಹುಲಿಗೆಮ್ಮ ಕಿಟಕಿಯಿಂದ ಬಗ್ಗಿ, “ಕಾಕಾ, ಅಲ್ಲಿ ಸಾಲ್ಯಾಗ ಅಡ್ಡಹೆಸರು ಕೇಳಿದ್ರ ಏನ್ ಹೇಳ್ಲಿ?” ಎಂದಳು.

“ಗಂಗಾವತಿ ಅನ್ನವ್ವಾ,” ಎಂದೆ. ಊರು ಬಿಟ್ಟಳಲ್ಲ, ಈಗ ಆ ಹೆಸರಿಗೆ ಹಕ್ಕುದಾರಳಾದಳು. ನನಗೆ ಅಳು ಬಂತು.

ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ. ಪಕ್ಕದ ಬಸ್ಸಿನ ಕಂಡಕ್ಟರ್, “ಯಾವ ಊರ್ರೀ ಯಜಮಾನ್ರ?” ಎಂದ.

“ಬೇವೂರ,” ಎಂದೆ, ರೂಢಿಯಂತೆ.

“ಹತ್ರಿ ಮತ್ತ, ಇದ ಬಸ್ಸು.”

ಹತ್ತಲು ಧೈರ್ಯವಾಗಲಿಲ್ಲ. ಅಲ್ಲಿ ಇಳಿದ ಕೂಡಲೇ ಯಾರಾದರೂ ‘ನಿಮ್ಮ ಊರು ಯಾವುದು?’ ಎಂದು ಕೇಳಿಬಿಟ್ಟರೆ?